ಒಂದು ಚಮಚ ಮೊಳಕೆ ರಾಗಿ ಹಿಟ್ಟು

ಮಗಳಿಗೆ ಆಗ ಎಂಟು ತಿಂಗಳು. ರಾಗಿ ಸರಿ ಗಟ್ಟಿಯಾದರೆ ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದಳು. ನೀರು ಜಾಸ್ತಿ ಹಾಕಿದರೆ ನುಂಗುತ್ತಿದ್ದಳು, ಆದರೆ ಆ ಪುಟ್ಟ ಹೊಟ್ಟೆಗೆ ಹೋಗುತ್ತಿದ್ದುದು ಬರೀ ನೀರು. "ಮೊಳಕೆ ರಾಗಿ ಹಿಟ್ಟು ಒಂದು ಚಮಚ ಹಾಕಮ್ಮ, ತೆಳ್ಳಗಾಗುತ್ತೆ" ಅಂದರು ಅತ್ತೆ. ಹಾಕಿದೆ. ಏನೂ ಆಗಲಿಲ್ಲ.

ಮೊಳಕೆ ಚೆನ್ನಾಗಿಯೇ ಬಂದಿತ್ತು. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಇಟ್ಟಿದ್ದೆ. ಒಣಗಿಸಿ, ಉಜ್ಜಿ, ಮೊರದಲ್ಲಿ ಕೇರಿದೆ. ಆಮೇಲೆ ಘಮ ಬರಲಿ ಅಂತ ಬಾಂಡ್ಲಿಯಲ್ಲಿ ಚೆನ್ನಾಗಿ ಹುರಿದೆ. ಸಾಲದ್ದಕ್ಕೆ, ಆ ಹಿಟ್ಟನ್ನು ಕೊತಕೊತ ಕುದಿಯುವ ಸರಿಗೇ ಹಾಕಿದೆ. ತಪ್ಪಾಗಿದ್ದು ಅಲ್ಲೇ.

ಮೊಳಕೆಗೆ ಇನ್ನೂ ಎಲೆ ಇರುವುದಿಲ್ಲ. ಕಾಳಿನಲ್ಲಿ ಕೂಡಿಟ್ಟ ಪಿಷ್ಟವನ್ನು ಸಕ್ಕರೆ ಮಾಡಿಕೊಂಡೇ ಅದು ಬೆಳೆಯಬೇಕು. ಅದಕ್ಕಾಗಿ ಕಾಳು ಅಮೈಲೇಸ್ ಎಂಬ ಕಿಣ್ವ ತಯಾರಿಸುತ್ತದೆ. ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳ ಉದ್ದನೆಯ ಸರ. ಕಿಣ್ವದ ಮೈಯಲ್ಲಿ ಒಂದು ಸಂದು ಇದೆ. ಸರ ಅದರಲ್ಲಿ ಸರಿಯಾಗಿ ಕೂರುತ್ತದೆ, ನೀರಿನ ಒಂದು ಅಣು ಸೇರಿ ಕೊಂಡಿ ಕಳಚುತ್ತದೆ. ಕಿಣ್ವ ಮಾತ್ರ ಖರ್ಚಾಗುವುದಿಲ್ಲ, ಮುಂದಿನ ಕೊಂಡಿಗೆ ಹೋಗುತ್ತದೆ. ಒಂದೇ ಚಮಚ ಸಾಕಾಗುವುದು ಅದಕ್ಕೇ. 1833ರಲ್ಲಿ ಫ್ರಾನ್ಸಿನಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನ ವಿಜ್ಞಾನಿಗಳು ಮೊಟ್ಟಮೊದಲು ಬೇರ್ಪಡಿಸಿದ ಕಿಣ್ವವೂ ಇದೇ ಬಗೆಯದು, ಮೊಳೆತ ಬಾರ್ಲಿಯಿಂದ ತೆಗೆದದ್ದು. ಆದರೆ ಕಿಣ್ವ ಒಂದು ಪ್ರೊಟೀನ್. ಬಿಸಿ ಜಾಸ್ತಿಯಾದರೆ ಅದರ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಸಂದೇ ಉಳಿಯುವುದಿಲ್ಲ.

ಎರಡನೇ ಸಲ ಹುರಿಯಲಿಲ್ಲ. ಬಿಸಿಲಲ್ಲಿ ಗರಿಗರಿ ಒಣಗಿಸಿ, ಮಿಕ್ಸಿ ಬಿಸಿಯಾಗದಂತೆ ಬಿಟ್ಟು ಬಿಟ್ಟು ಪುಡಿ ಮಾಡಿದೆ. ಮಾಮೂಲಿ ರಾಗಿ ಹಿಟ್ಟಿನ ಸರಿಯನ್ನು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿ ಬೇಯಿಸಿದೆ. ಮೊದಲು ಬೇಯಿಸಲೇಬೇಕು. ಹಸಿ ಪಿಷ್ಟ ಬಿಗಿಯಾಗಿರುತ್ತದೆ, ಬೆಂದಾಗ ಉಬ್ಬಿ ಬಿಡಿಬಿಡಿಯಾಗಿ ಕಿಣ್ವಕ್ಕೆ ಸುಲಭವಾಗಿ ಸಿಗುತ್ತದೆ. ಒಲೆಯಿಂದ ಇಳಿಸಿ, ಥರ್ಮಾಮೀಟರ್‌ನಲ್ಲಿ 60 ಡಿಗ್ರಿಗೆ ಬಂದಾಗ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ಕಲಸಿದೆ. ಒಂದೆರಡು ನಿಮಿಷಕ್ಕೆ ಸೌಟಿಗೆ ಅಂಟಿದ್ದ ಮುದ್ದೆ ಜಾರತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಎತ್ತಿ ಸುರಿದರೆ ದಾರದ ಹಾಗೆ ಇಳಿಯುತ್ತಿತ್ತು! ಒಂದು ಹನಿ ನೀರೂ ಹಾಕಿರಲಿಲ್ಲ. ನಾಲಿಗೆಗೆ ಇಟ್ಟರೆ ಬೆಲ್ಲ ಹಾಕದೆಯೂ ಸಣ್ಣಗೆ ಸಿಹಿ.

ಮಗುವಿಗೆ ಕೊಡುವ ಮುಂಚೆ ಇನ್ನೊಮ್ಮೆ ಕುದಿಸುತ್ತೇನೆ. ಎರಡು ದಿನ ಒದ್ದೆ ಬಟ್ಟೆಯಲ್ಲಿದ್ದ ಕಾಳು, ಕ್ರಿಮಿ ಇರಬಹುದು ಅಲ್ವಾ? ಆಗ ಕಿಣ್ವ ಹಾಳಾದರೂ ಚಿಂತೆಯಿಲ್ಲ. ತುಂಡಾದ ಸರ ಮತ್ತೆ ಕೂಡಿಕೊಳ್ಳುವುದಿಲ್ಲ, ಸರಿ ತೆಳ್ಳಗೇ ಇರುತ್ತದೆ.