ಮನೆಯಲ್ಲೇ ಹಾಡು ರೆಕಾರ್ಡ್ ಮಾಡ್ತೀರಾ? ಮೊದಲು ಗೇನ್ ಸರಿ ಮಾಡಿಕೊಳ್ಳಿ

ಭಾವಗೀತೆ ಹಾಡುವವರು, ಭಜನೆ ಮಂಡಳಿಯವರು, ಗಿಟಾರ್ ಹಿಡಿದ ಕಾಲೇಜು ಹುಡುಗರು ಮನೆಗೊಂದು ಮಲ್ಟಿಟ್ರ್ಯಾಕ್ ರೆಕಾರ್ಡರ್ (ಒಂದೊಂದು ದನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯುವ ಯಂತ್ರ) ತರುವುದುಂಟು. ಟಾಸ್ಕಮ್ ಡಿಪಿ-008ಇಎಕ್ಸ್, ಜೂಮ್ ಆರ್8 ಇಂಥವು. ಒಂದು ಸಲಕ್ಕೆ ಎರಡು ಟ್ರ್ಯಾಕ್‌ನಂತೆ ಒಟ್ಟು ಎಂಟು ಟ್ರ್ಯಾಕ್ ಕೂಡಿಸುತ್ತಾ ಹೋಗಬಹುದು, ಕಂಪ್ಯೂಟರ್ ಬೇಕಿಲ್ಲ. ಆದರೆ ಹೀಗೆ ಮಾಡಿದ ಎಷ್ಟೋ ಹಾಡುಗಳಲ್ಲಿ ಚರಣ ಮೇಲಕ್ಕೇರಿದ ಕೂಡಲೇ ದನಿ ಒಡೆದು ಕೇಳುತ್ತದೆ. ಗಾಯಕರು ಚೆನ್ನಾಗಿಯೇ ಹಾಡಿರುತ್ತಾರೆ. ಗೇನ್ ಗುಂಡಿ, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಗುಂಡಿ ತಿರುಗಿಸುವಾಗ ಅವಸರ ಮಾಡಿರುತ್ತಾರೆ, ಅಷ್ಟೇ.

ಹೆಜ್ಜೆ 1: ಕೋಣೆ

ಫ್ಯಾನ್ ಆರಿಸಿ, ಫ್ರಿಜ್ ಇರುವ ಕೋಣೆ ಬಿಡಿ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಮಲಗುವ ಕೋಣೆಯೇ ಒಳ್ಳೆಯದು. ಗೋಡೆಗೆ ಅಂಟಿಸುವ ತೆಳು ಫೋಮ್ ಹಾಳೆಗೆ ದುಡ್ಡು ಹಾಕಬೇಡಿ. ಅದು ಹೊರಗಿನ ಸದ್ದು ತಡೆಯುವುದಿಲ್ಲ, ತಗ್ಗು ಸ್ವರಗಳ ಗುಂಯ್‌ಗುಡುವಿಕೆಯನ್ನೂ ಹೀರುವುದಿಲ್ಲ. ಗಾಯಕರ ಬೆನ್ನ ಹಿಂದೆ ದಪ್ಪ ರಜಾಯಿ ನೇತುಹಾಕಿದರೆ ಅದಕ್ಕಿಂತ ಜಾಸ್ತಿ ಉಪಯೋಗ.

ಹೆಜ್ಜೆ 2: ಶ್ರುತಿ

ಹಾರ್ಮೋನಿಯಂ ಇದ್ದರೆ ಮೊದಲು ಅದನ್ನೇ ರೆಕಾರ್ಡ್ ಮಾಡಿ. ಅದರ ಸ್ವರ ಕೂತಲ್ಲೇ ಬದಲಿಸಲು ಆಗುವುದಿಲ್ಲ, ಅಲ್ವಾ? ಶ್ರುತಿ "ಐದು ಮನೆ" ಎಂದು ಬಾಯಲ್ಲಿ ಹೇಳಿಕೊಂಡರೆ ಸಾಲದು. ಹಳೆಯ ಹಾರ್ಮೋನಿಯಂನ ಐದು ಮನೆ, ಮೊಬೈಲಿನ ತಂಬೂರಿ ಆಪ್‌ನ ಐದು ಮನೆ ಒಂದೇ ಆಗಿರಬೇಕೆಂದೇನಿಲ್ಲ. ಆಪ್‌ನ ಫೈನ್ ಟ್ಯೂನಿಂಗ್ ಹಾರ್ಮೋನಿಯಂಗೆ ಹೊಂದಿಸಿ, ಕೀಬೋರ್ಡನ್ನೂ ಅದಕ್ಕೇ ಹೊಂದಿಸಿ.

ಹೆಜ್ಜೆ 3: ಗೇನ್

ಇಲ್ಲಿ ನಿಧಾನ ಮಾಡಿ. ಗೇನ್ ಗುಂಡಿ, ಫೇಡರ್ (ಟ್ರ್ಯಾಕಿನ ದನಿ ಏರಿಸಿ ಇಳಿಸುವ ಜಾರುಗುಂಡಿ) ಎರಡೂ ಒಂದೇ ಕೆಲಸ ಮಾಡುತ್ತವೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಮೈಕಿನಿಂದ ಬರುವ ದನಿಯನ್ನು ಎಷ್ಟು ಹಿಗ್ಗಿಸಿ ಒಳಗೆ ಬಿಡಬೇಕು ಅನ್ನುವುದು ಗೇನ್. ಫೇಡರ್ ಇರುವುದು ಅದರ ಆಮೇಲೆ. ಒಳಗೆ ಬರುವಾಗಲೇ ಒಡೆದ ದನಿಯನ್ನು ಫೇಡರ್ ಇಳಿಸಿ ಸರಿ ಮಾಡಲಾಗದು. ಒಡೆದದ್ದೇ ಸಣ್ಣಗೆ ಕೇಳುತ್ತದೆ.

ಯಾಕೆ ಒಡೆಯುತ್ತದೆ? ಡಿಜಿಟಲ್ ಯಂತ್ರ ದನಿಯನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಮೀಟರಿನ ಸೊನ್ನೆಯೇ ಕೊನೆಯ ಅಂಕಿ. ಸೇರು ತುಂಬಿದ ಮೇಲೆ ಸುರಿದ ಅಕ್ಕಿ ಹೊರಗೆ ಚೆಲ್ಲಿಹೋಗುವ ಹಾಗೆ, ಸೊನ್ನೆ ದಾಟಿದ ದನಿಯ ತಲೆ ಅಲ್ಲೇ ಕತ್ತರಿಸಿಹೋಗುತ್ತದೆ. ಕ್ಯಾಸೆಟ್ ಕಾಲದಲ್ಲಿ ಹೀಗಿರಲಿಲ್ಲ. 1979ರಲ್ಲಿ ಬಂದ ಟಾಸ್ಕಮ್‌ನ ಮೊದಲ ಪೋರ್ಟಾಸ್ಟುಡಿಯೋ ಸಾಮಾನ್ಯ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಹಿಡಿಯುತ್ತಿತ್ತು. ಟೇಪಿಗೆ ಅದರದೇ ಆದ ಸುಯ್ ಸದ್ದು ಇತ್ತು, ಅದನ್ನು ಮುಚ್ಚಲು ಲೆವೆಲ್ ಏರಿಸಿಯೇ ಇಡಬೇಕಿತ್ತು. ಮುಳ್ಳು ಕೊಂಚ ಕೆಂಪಿಗೆ ಹೋದರೂ ಟೇಪು ಸಹಿಸಿಕೊಳ್ಳುತ್ತಿತ್ತು. ಆ ಕಾಲದವರು ಇವತ್ತಿಗೂ "ಲೆವೆಲ್ ಜಾಸ್ತಿ ಇಡಪ್ಪಾ" ಅನ್ನುತ್ತಾರೆ. ಆ ಮಾತು ಈ ಯಂತ್ರಕ್ಕೆ ಹೊಂದುವುದಿಲ್ಲ.

ನಿಮ್ಮ ಯಂತ್ರದಲ್ಲಿ 24 ಬಿಟ್ ಆಯ್ಕೆ (ದನಿಯನ್ನು ಇನ್ನೂ ಸೂಕ್ಷ್ಮವಾಗಿ ಬರೆದುಕೊಳ್ಳುವುದು) ಇದ್ದರೆ ಅದನ್ನೇ ಇಡಿ. ಆಗ ಲೆವೆಲ್ ತಗ್ಗಿದ್ದರೂ ಚಿಂತೆಯಿಲ್ಲ. ಅತಿ ಜೋರಿನ ಜಾಗ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಸುತ್ತ ನಿಲ್ಲಲಿ. ಎಂದೋ ಒಮ್ಮೆ ಮೈನಸ್ 6 ಮುಟ್ಟಿದರೆ ಸರಿ, ಅದಕ್ಕಿಂತ ಮೇಲೆ ಬೇಡ.

ಹೊಂದಿಸುವುದು ಹೀಗೆ. ಗೇನ್ ಪೂರ್ತಿ ಇಳಿಸಿ. ಕಂಡೆನ್ಸರ್ ಮೈಕ್ ಆದರೆ ಕೇಬಲ್ ಚುಚ್ಚಿದ ಮೇಲೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ಕರೆಂಟ್) ಹಾಕಿ. ಹೆಡ್‌ಫೋನ್ ಆಗ ಕಿವಿಯಲ್ಲಿ ಇರಬಾರದು. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇರಲಿ. ಓರೆ ಇದ್ದರೆ ಪ, ಭ ಬಂದಾಗ ಉಸಿರು ನೇರ ಬಡಿಯುವುದಿಲ್ಲ. ಈಗ "ಹಲೋ, ಮೈಕ್ ಟೆಸ್ಟಿಂಗ್" ಅನ್ನಿಸಬೇಡಿ. ಪಲ್ಲವಿಯನ್ನೂ ಹಾಡಿಸಬೇಡಿ. ಹಾಡಿನಲ್ಲಿ ದನಿ ಅತಿ ಮೇಲೆ ಹೋಗುವ ಸಾಲು ಯಾವುದೋ ಅದನ್ನು ನಿಂತು, ಬಾಯಿಬಿಟ್ಟು, ಕಚೇರಿಯಲ್ಲಿ ಹಾಡುವ ಹಾಗೆಯೇ ಹಾಡಿಸಿ. ಗೇನ್ ಮೆಲ್ಲಗೆ ಏರಿಸಿ, ಮೈನಸ್ 12 ಬಂದಾಗ ನಿಲ್ಲಿಸಿ. ಅದೇ ಸಾಲು ಇನ್ನೊಮ್ಮೆ ಹಾಡಿಸಿ, ಗುಂಡಿಯನ್ನು ಇನ್ನೂ ಒಂದು ಕೂದಲೆಳೆ ಇಳಿಸಿ. ಟೆಸ್ಟಿನಲ್ಲಿ ಹಾಡಿದ್ದಕ್ಕಿಂತ ಟೇಕ್‌ನಲ್ಲಿ ಎಲ್ಲರೂ ಜೋರಾಗಿಯೇ ಹಾಡುತ್ತಾರೆ.

ತಬಲಾಕ್ಕೆ ಮೈಕನ್ನು ಎರಡರ ನಡುವೆ ಮೇಲಿನಿಂದ ಹಿಡಿಸಿ. ಎಡಗೈಯ ಜೋರು ಪೆಟ್ಟು ನೋಡಿಯೇ ಗೇನ್ ಇಡಿ, ಸುಮ್ನೆ ನುಡಿಸಿದ ಠೇಕಾ ನೋಡಿ ಇಡಬೇಡಿ. ಕೀಬೋರ್ಡಿನ ದನಿ ಮೊದಲೇ ಬಲವಾಗಿರುತ್ತದೆ. ಇನ್‌ಪುಟ್ಟನ್ನು ಲೈನ್‌ಗೆ ಇಟ್ಟು ಗೇನ್ ತೀರಾ ಕೆಳಗಿನಿಂದ ಶುರು ಮಾಡಿ. ಪಿಕಪ್ ಗಿಟಾರ್ ನೇರ ಚುಚ್ಚಿದರೆ ಹೈ-ಝಡ್ (ಗಿಟಾರಿಗೆಂದೇ ಇರುವ) ಸ್ವಿಚ್ ಹಾಕಿ, ಇಲ್ಲದಿದ್ದರೆ ದನಿ ಮಂಕಾಗುತ್ತದೆ.

ಲಿಮಿಟರ್ ಹಾಕಿದರೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿದ್ದಾರೆ. ಆ ಅಡ್ಡದಾರಿ ಹಿಡಿಯಬೇಡಿ. ಅದು ಜೋರಾದ ದನಿಯನ್ನು ಅದುಮಿ ಬರೆಯುತ್ತದೆ, ಬರೆದದ್ದನ್ನು ಬಿಡಿಸಲು ಬರುವುದಿಲ್ಲ. ರಿವರ್ಬ್ (ದೊಡ್ಡ ಹಾಲಿನಲ್ಲಿ ಹಾಡಿದಂತೆ ಕೇಳಿಸುವ ಮಾರ್ದನಿ) ಕೂಡ ಹಾಗೆಯೇ. ಕಿವಿಗೆ ಬೇಕಿದ್ದರೆ ಹೆಡ್‌ಫೋನಿನಲ್ಲಿ ಮಾತ್ರ ಕೇಳಿ, ಟ್ರ್ಯಾಕಿಗೆ ಸೇರಿಸಬೇಡಿ.

ಹೆಜ್ಜೆ 4: ಉಳಿದ ಟ್ರ್ಯಾಕ್‌ಗಳು

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ ಹಾಡಿ. ಮೊಬೈಲ್ ಇಯರ್‌ಫೋನಿನಿಂದ ತಾಳ ಹಿಡಿಯುವ ಮೆಟ್ರೊನೋಮ್‌ನ ಟಿಕ್ ಟಿಕ್ ಸೋರಿ ಮೈಕಿಗೆ ಹೋಗುತ್ತದೆ. ಒಂದು ಸಾಲು ತಪ್ಪಿದರೆ ಪಂಚ್-ಇನ್ ಮಾಡಿ (ಆ ಜಾಗವನ್ನಷ್ಟೇ ಮತ್ತೆ ಹಾಡಿ ಹಳೆಯದರ ಮೇಲೆ ಬರೆಯಿರಿ), ಆದರೆ ಪದದ ನಡುವೆ ಬೇಡ, ಹಿಂದಿನ ಉಸಿರಿನಿಂದಲೇ ಶುರು ಮಾಡಿ.

ಹೆಜ್ಜೆ 5: ಮಿಕ್ಸ್

ಎಲ್ಲ ಟ್ರ್ಯಾಕ್ ಹದವಾಗಿ ಬೆರೆಸಿ ಒಂದೇ ಹಾಡು ಮಾಡುವುದೇ ಮಿಕ್ಸ್. ಸಾಹಿತ್ಯ ಸ್ಪಷ್ಟವಾಗಿ ಕೇಳುವಂತೆ ಗಾಯನ ಮುಂದೆ ಇರಲಿ. ಸಣ್ಣ ದನಿಯಲ್ಲಿ ಕೇಳುತ್ತಾ ಮಿಕ್ಸ್ ಮಾಡಿ, ಮರುದಿನ ಇನ್ನೊಮ್ಮೆ ಕೇಳಿ.

ಯಂತ್ರದ ಆರೈಕೆ

ಕೆಲಸ ಮುಗಿದ ಕೂಡಲೇ ಅಡಾಪ್ಟರ್ ಕೀಳಬೇಡಿ. ಪವರ್ ಗುಂಡಿಯಿಂದಲೇ ಆಫ್ ಮಾಡಿ, ಪರದೆ ಪೂರ್ತಿ ಆರುವವರೆಗೆ ಕಾಯಿರಿ. ಹಾಡಿನ ಮಾಹಿತಿ ಮೆಮೊರಿ ಕಾರ್ಡಿಗೆ ಬರೆಯುವುದು ಆಗಲೇ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಮೂಲಕವೇ ಓಡಿಸಿ. ಅಡಾಪ್ಟರ್ ಕಳೆದುಹೋದರೆ ಪಿನ್ ಕೂತಿತು ಅಂತ ಯಾವುದೋ ಒಂದನ್ನು ಚುಚ್ಚಬೇಡಿ. ವೋಲ್ಟ್, ಆಂಪಿಯರ್, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಮೂರನ್ನೂ ನೋಡಿ.

ಹೆಸರಿಲ್ಲದ ಅಗ್ಗದ ಮೆಮೊರಿ ಕಾರ್ಡ್ ಬೇಡವೇ ಬೇಡ. ಮೇಲೆ ಹೇಳಿದ ಎರಡೂ ಯಂತ್ರಗಳಿಗೆ 32 ಜಿಬಿ ಎಸ್‌ಡಿಎಚ್‌ಸಿ ಕಾರ್ಡೇ ಮಿತಿ. ಅದು ಧಾರಾಳವಾಯಿತು. 24 ಬಿಟ್, 44.1 ಕಿಲೋಹರ್ಟ್ಝ್‌ನಲ್ಲಿ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8 ಎಂಬಿ ಬೇಕು. ಐದು ನಿಮಿಷದ ಎಂಟು ಟ್ರ್ಯಾಕ್ ಹಾಡು 320 ಎಂಬಿ ಒಳಗೇ ಮುಗಿಯುತ್ತದೆ. ಕಾರ್ಡನ್ನು ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿ. ಪ್ರತಿ ಹಾಡು ಮುಗಿದ ಮೇಲೆ ಕಾರ್ಡಿನಲ್ಲಿ ಇರುವುದೆಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿ. ಬರೀ ಕೊನೆಯ ಮಿಕ್ಸ್ ತೆಗೆದಿಟ್ಟುಕೊಂಡರೆ ಮುಂದೆ ತಬಲಾ ಒಂದನ್ನೇ ಇಳಿಸಲು ಆಗದು.

ಫೇಡರ್ ಸಂದಿಗೆ ದೂಳು ಹೋದರೆ ಕರಕರ ಶುರುವಾಗುತ್ತದೆ. ಮೇಲೊಂದು ಹತ್ತಿಬಟ್ಟೆ ಹೊದಿಸಿ, ಬಣ್ಣ ಹಚ್ಚುವ ಒಣ ಬ್ರಷ್‌ನಿಂದ ಒರೆಸಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯನ್ನು ಖಂಡಿತ ಹೊಡೆಯಬೇಡಿ, ದೂಳು ಇನ್ನೂ ಅಂಟಿಕೊಳ್ಳುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ರೆಕಾರ್ಡರ್ ಮತ್ತು ಕಂಡೆನ್ಸರ್ ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಹಾಗೆ ಇಡುವ ಮುಂಚೆ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ.