ಚಾಮುಂಡಿ ಬೆಟ್ಟದ ಇಳಿಜಾರನ್ನು ರಾಡಾರಿನಲ್ಲಿ ಅಳೆಯುವುದು

2021ರ ಅಕ್ಟೋಬರ್ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿ ವಿಗ್ರಹದ ಕಡೆಯ ರಸ್ತೆ ಕುಸಿಯಿತಲ್ಲ, ಅಂಥ ದಿಢೀರ್ ಕುಸಿತವನ್ನು ಉಪಗ್ರಹ ಹಿಡಿದುಕೊಡುತ್ತದೆ ಎಂದುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಅದಕ್ಕೆ ಸಿಗುವುದು ವರ್ಷಕ್ಕೆ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರಿನಷ್ಟು ನಿಧಾನವಾಗಿ ಜರುಗುವ ನೆಲ ಮಾತ್ರ.

ನಾನು ಬಳಸುವುದು ಯುರೋಪಿನ ರಾಡಾರ್ ಉಪಗ್ರಹ ಸೆಂಟಿನೆಲ್-1ರ ಉಚಿತ ಚಿತ್ರಗಳನ್ನು. ಬೇರೆ ಬೇರೆ ದಿನದ ಎರಡು ಚಿತ್ರಗಳನ್ನು ಜೋಡಿಸಿ, ಮರಳಿ ಬಂದ ಅಲೆಯ ಹಂತದಲ್ಲಾದ (ಫೇಸ್) ವ್ಯತ್ಯಾಸವನ್ನು ಬಣ್ಣದಲ್ಲಿ ನೋಡುವುದೇ ಕೆಲಸ. ಅದರ ತರಂಗಾಂತರ ಸುಮಾರು 5.6 ಸೆಂ.ಮೀ. ಅಲೆ ಹೋಗಿ ಬರುವುದರಿಂದ ಬಣ್ಣದ ಒಂದು ಪೂರ್ತಿ ಸುತ್ತು ಎಂದರೆ 2.8 ಸೆಂ.ಮೀ. ಚಲನೆ. ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ನಡುವೆ, ಒಂದು ಚಿತ್ರದಿಂದ ಮುಂದಿನ ಚಿತ್ರದವರೆಗಿನ 12 ದಿನದಲ್ಲಿ, 1.4 ಸೆಂ.ಮೀ. ಮೀರಿ ವ್ಯತ್ಯಾಸ ಬಂದರೆ ಸುತ್ತು ಎಣಿಸುವುದೇ ತಪ್ಪುತ್ತದೆ. 250 ಕಿ.ಮೀ. ಅಗಲದ ಇಡೀ ಚಿತ್ರ ಇಳಿಸಿಕೊಳ್ಳಬೇಕಿಲ್ಲ, ಮೈಸೂರು ಬೀಳುವ ಬರ್ಸ್ಟ್ (ಚಿತ್ರದ ಒಂದು ತುಂಡು) ಒಂದೇ ಸಾಕು. ಗದ್ದಲ ತಗ್ಗಿಸಲು ಅಕ್ಕಪಕ್ಕದ ಬಿಂದುಗಳನ್ನು ಸೇರಿಸಿ ತೆಗೆಯುವ ಸರಾಸರಿಯನ್ನು 20×4 ಇಟ್ಟರೆ ಪಿಕ್ಸೆಲ್ 80 ಮೀಟರ್ ಆಗಿ ಬೆಟ್ಟದ ರಸ್ತೆ ಕಾಡಿನೊಳಗೆ ಕರಗಿಹೋಗುತ್ತದೆ. 5×1 ಇಡಿ, 20 ಮೀಟರಿನ ಪಿಕ್ಸೆಲ್‌ನಲ್ಲಿ ಗದ್ದಲ ಹೆಚ್ಚಿದರೂ ತಡೆಗೋಡೆ, ಬಂಡೆ, ಕಟ್ಟಡ ಉಳಿಯುತ್ತವೆ.

ವರ್ಷಕ್ಕೆ 30 ಚಿತ್ರ. ಪ್ರತಿಯೊಂದನ್ನೂ ಮುಂದಿನ ಮೂರರ ಜೊತೆ ಹೆಣೆದರೆ 84 ಜೋಡಿ. ಇವುಗಳಿಗೆ ಒಂದು ಫೆಬ್ರವರಿಯಿಂದ ಮುಂದಿನ ಫೆಬ್ರವರಿಗೆ ವರ್ಷದ ಜೋಡಿಗಳನ್ನೂ ಸೇರಿಸಲೇಬೇಕು. ಬರೀ 12 ದಿನದ ಜೋಡಿಗಳನ್ನು ಕೂಡಿಸುತ್ತಾ ಹೋದರೆ ಕುರುಚಲು ಕಾಡಿನ ತೇವ, ಚಿಗುರು ಎಲ್ಲ ಸೇರಿ ಇಲ್ಲದ ಜರುಗನ್ನು ತೋರಿಸುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರಿ ನೆಲ ಒಣಗಿದಾಗ ಕೊಹೆರೆನ್ಸ್ (ಎರಡು ಚಿತ್ರಗಳ ಅಲೆ ಒಂದಕ್ಕೊಂದು ಹೊಂದುವ ಮಟ್ಟ) ಚೆನ್ನಾಗಿರುತ್ತದೆ. ಮೇ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಂದರೆ ನಮಗೆ ನಿಜವಾಗಿ ಬೇಕಾದಾಗಲೇ, ಕೈಕೊಡುತ್ತದೆ.

ಅತಿ ಹೆಚ್ಚು ಮೋಸಮಾಡುವುದು ಗಾಳಿಯ ತೇವ, ಅದು ರಾಡಾರ್ ಅಲೆಯನ್ನು ತಡಮಾಡುತ್ತದೆ. ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಮೇಲಿದೆ. ಕೆಳಗಿನ ಗಾಳಿಯಲ್ಲಿ ತೇವ ದಟ್ಟ, ಮೇಲೆ ವಿರಳ. ಹಾಗಾಗಿ ಇಡೀ ಬೆಟ್ಟವೇ ಒಮ್ಮೆ ಎದ್ದಂತೆ, ಒಮ್ಮೆ ಕುಗ್ಗಿದಂತೆ ಕಾಣುತ್ತದೆ. ಫೇಸನ್ನು ಎತ್ತರದ ಎದುರು ಗ್ರಾಫ್ ಹಾಕಿ ನೋಡಿ. ಚುಕ್ಕೆಗಳು ಒಂದೇ ಗೆರೆಯಲ್ಲಿ ಬಿದ್ದರೆ ಅದು ಬಹುಪಾಲು ಗಾಳಿ. ಇಆರ್‌ಎ5 ಹವಾಮಾನ ದತ್ತಾಂಶದ ತಿದ್ದುಪಡಿಯೊಂದೇ ಸಾಲದು, ಅದರ ಒಂದು ಚೌಕ ಇಡೀ ಬೆಟ್ಟಕ್ಕಿಂತ ದೊಡ್ಡದು. ಉಳಿದ ಎತ್ತರದ ಗೆರೆಯನ್ನು ಕಳೆಯುವಾಗ ಅನುಮಾನವಿರುವ ಇಳಿಜಾರನ್ನು ಲೆಕ್ಕದಿಂದ ಹೊರಗಿಡಿ. ಇಲ್ಲವಾದರೆ ತಿದ್ದುಪಡಿಯೇ ನಿಜವಾದ ಜರುಗನ್ನು ನುಂಗುತ್ತದೆ. ಹೋಲಿಕೆಯ ಬಿಂದುವನ್ನೂ ಸರಿಸುಮಾರು ಅದೇ ಎತ್ತರದ ಗಟ್ಟಿ ಬಂಡೆ ಅಥವಾ ಹಳೆಯ ಕಟ್ಟಡದ ಮೇಲಿಡಿ. ಮೂರು ಬೇರೆ ಬಿಂದುಗಳಲ್ಲಿ ಇಟ್ಟು ನೋಡಿದಾಗ ಫಲಿತಾಂಶದ ದಿಕ್ಕೇ ತಿರುವುಮುರುವಾದರೆ ಆ ನಕ್ಷೆಯನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಹಾದಿಯಲ್ಲಿ ಉಪಗ್ರಹ ಪಶ್ಚಿಮದ ಕಡೆ ನೋಡುತ್ತದೆ. ಪೂರ್ವಕ್ಕೆ ಮುಖಮಾಡಿದ ಇಳಿಜಾರು ಚಿತ್ರದಲ್ಲಿ ಮುದುಡುತ್ತದೆ, ಪಶ್ಚಿಮದ್ದು ಬಿಡಿಸಿಟ್ಟಂತೆ ಕಾಣುತ್ತದೆ. ಉತ್ತರ-ದಕ್ಷಿಣವಾಗಿ ಜರುಗುವುದು ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಪೊದೆಯೇ ತುಂಬಿದ ಕಡೆ ಕಾರ್ನರ್ ರಿಫ್ಲೆಕ್ಟರ್, ಅಂದರೆ ಅಲೆಯನ್ನು ಬಂದ ದಿಕ್ಕಿಗೇ ಮರಳಿಸುವ ಲೋಹದ ಮೂಲೆ, ಬೇಕು. ಅರಣ್ಯ ಇಲಾಖೆಯ ಅನುಮತಿ ಮೊದಲು. 3 ಮಿ.ಮೀ. ಅಲ್ಯೂಮಿನಿಯಂ ತಗಡಿನ ಮೂರು ತ್ರಿಕೋನ, ಮೂಲೆಯಲ್ಲಿ ಕೂಡುವ ಅಂಚು 1 ಮೀಟರ್. ತಗಡುಗಳು ಒಂದಕ್ಕೊಂದು ಸರಿಯಾಗಿ 90 ಡಿಗ್ರಿಯಲ್ಲಿರಬೇಕು; ಒಂದು ಡಿಗ್ರಿ ಹೆಚ್ಚುಕಡಿಮೆಯಾದರೂ ಹೊಳಪು ಕಡಿಮೆಯಾಗುತ್ತದೆ. ಮೇಲೆ ಹೇಳಿದ ಇಳಿಯುವ ಹಾದಿಗಾದರೆ ಬಾಯಿ ಪೂರ್ವದಿಂದ ಹತ್ತು-ಹನ್ನೆರಡು ಡಿಗ್ರಿ ದಕ್ಷಿಣಕ್ಕೆ ತಿರುಗಿರಲಿ. ಎಷ್ಟು ಓರೆ ಎಂಬುದಕ್ಕೆ 90ರಿಂದ ಅಲೆ ಬೀಳುವ ಕೋನವನ್ನೂ (ಲಂಬದಿಂದ ಅಳೆದದ್ದು) ಮೂಲೆ ತಾನಾಗಿಯೇ ಮೇಲಕ್ಕೆ ನೋಡುವ 35.3ನ್ನೂ ಕಳೆಯಿರಿ: ಕೋನ 38 ಇದ್ದರೆ ಮುಂದಿನ ಅಂಚನ್ನು 17 ಡಿಗ್ರಿ ಎತ್ತಬೇಕು. ಹಾಗೆ ಎತ್ತಿದಾಗ ಮಳೆನೀರು ಮೂಲೆಯಲ್ಲೇ ನಿಲ್ಲುತ್ತದೆ, ಆದ್ದರಿಂದ ಅಲ್ಲಿ 10 ಮಿ.ಮೀ. ತೂತು ಕೊರೆಯಿರಿ. ಬೆಟ್ಟದ ಕೋತಿಗಳು ಹತ್ತಿ ಕೂರುತ್ತವೆ, ತಗಡಿನ ಹಿಂದೆ ಆಂಗಲ್ ಪಟ್ಟಿ ಕೊಟ್ಟು ಬಿಗಿಮಾಡಿ.

ಕೊನೆಗೆ ಮೊಳೆ ಮತ್ತು ಟೇಪು. ಬಿರುಕಿನ ಎರಡೂ ಬದಿಗೆ ಕಾಂಕ್ರೀಟ್ ಮೊಳೆ ಹೊಡೆದು, ಉಪಗ್ರಹ ಹಾದುಹೋಗುವ ದಿನವೇ ಅಂತರ ಅಳೆದು ಬರೆದಿಡಿ. ರಾಡಾರು 8 ಮಿ.ಮೀ. ಎಂದು, ಟೇಪು ಸೊನ್ನೆ ಎಂದರೆ ಮೊದಲು ಗಾಳಿಯ ತಿದ್ದುಪಡಿಯನ್ನು ಮತ್ತೆ ನೋಡುತ್ತೇನೆ. ಅದೂ ಸರಿಯಿದ್ದರೆ ಬಿರುಕಿನ ಎರಡೂ ಬದಿ ಒಟ್ಟಿಗೇ ಜಾರುತ್ತಿರಬಹುದು. ಆಗ ಇನ್ನೂ ಮೇಲೆ ಹತ್ತಿ ಬೇರೆ ಬಿರುಕು ಹುಡುಕಬೇಕು.