ಮೂರು ಅಂಗಡಿಯ ಬಾಕಿ, ಒಂದು ಹಳೇ ಕಂಪ್ಯೂಟರ್

ನಾನು ಮಂಡ್ಯದಲ್ಲಿ ಗೊಬ್ಬರ, ಬಿತ್ತನೆ ಬೀಜ ಮಾರುವ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಮದ್ದೂರು, ಪಾಂಡವಪುರದಲ್ಲೂ ನಮ್ಮದೇ ಅಂಗಡಿಗಳಿವೆ. ಕಬ್ಬಿನ ದುಡ್ಡು ಬಂದಮೇಲೆ ಕೊಡ್ತೀನಿ ಅಂತ ರೈತರು ಬಾಕಿ ಬರೆಸಿ ಹೋಗುವುದು ಮೂರೂ ಕಡೆ ಇದ್ದದ್ದೇ. ಒಬ್ಬರೇ ಮೂರೂ ಕಡೆ ಬರೆಸಿದ್ದರೆ ಒಟ್ಟು ಎಷ್ಟಾಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ದಿನಾ ಬೆಳಿಗ್ಗೆ ನನಗೆ ಒಂದೇ ಪಟ್ಟಿ ಬೇಕು ಕಣಯ್ಯ. ದುಡ್ಡು ಮಾತ್ರ ಕೇಳಬೇಡ" ಅಂದರು ಯಜಮಾನರು.

ಮಂಡ್ಯದಲ್ಲಿ ಲೆಕ್ಕ ಬರೆಯುವುದು ಟ್ಯಾಲಿ ಸಾಫ್ಟ್‌ವೇರಿನಲ್ಲಿ. ಮದ್ದೂರಿನಲ್ಲಿ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್, ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿ) ಬಿಟ್ಟರೆ ಅದರಿಂದ ಬೇರೇನೂ ಹೊರಡದು. ಪಾಂಡವಪುರದಲ್ಲಿ ಎಕ್ಸೆಲ್, ಅದೂ ನುಡಿ ಫಾಂಟಿನಲ್ಲಿ.

ಮೂರೂ ಕಡೆಯ ಲೆಕ್ಕ ಎಳೆದು ಒಂದೇ ಕಡೆ ಸೇರಿಸುವ ಬಿಟ್ಟಿ ಟೂಲ್ ಹುಡುಕಲು ಕೂತೆ. ಯೂಟ್ಯೂಬಿನಲ್ಲಿ ಪಾಠ ಜಾಸ್ತಿ ಸಿಕ್ಕಿದ್ದು ಟಾಲೆಂಡ್ ಓಪನ್ ಸ್ಟುಡಿಯೋಗೆ. ಎರಡು ಸಂಜೆ ಕೂತು ನೋಡಿದಮೇಲೆ ತಿಳಿಯಿತು, ಅದರ ಉಚಿತ ಆವೃತ್ತಿ 2024ರ ಜನವರಿಗೇ ನಿಂತಿದೆ. ಅಂಥದ್ದೇ ಇನ್ನೊಂದು ಏರ್‌ಬೈಟ್, ಅದನ್ನೂ ನೋಡಿದೆ. ಅದು ಡಾಕರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಮೇಲೆ ನಡೆಯುತ್ತದೆ, 8 ಜಿಬಿ ಮೆಮೊರಿ ಕೇಳುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದೇ ಅಷ್ಟು, ಅದರಲ್ಲೇ ಟ್ಯಾಲಿಯೂ ಓಡಬೇಕು. ಕ್ಲೌಡ್ ಸೇವೆಗಳ ಬೆಲೆ ಡಾಲರ್‌ನಲ್ಲಿತ್ತು, ಪುಟ ಮುಚ್ಚಿದೆ.

ಕೊನೆಗೆ ಉಳಿದದ್ದು ಅಪಾಚೆ ಹಾಪ್. ಇದೇ ಕೆಲಸದ ಹಳೇ ಟೂಲ್ ಪೆಂಟಾಹೋದ ಕೆಟಲ್‌ನಿಂದ ಕವಲೊಡೆದು ಬಂದದ್ದು. ಜಾವಾ ಇದ್ದರೆ ಸಾಕು, ಜಿಪ್ ಬಿಚ್ಚಿದರೆ ಓಡುತ್ತದೆ. ಪೆಟ್ಟಿಗೆಗಳನ್ನು ಎಳೆದಿಟ್ಟು ಗೆರೆ ಜೋಡಿಸುತ್ತಾ ಹೋಗುವುದು, ಅಷ್ಟೇ. ಎಲ್ಲ ಲೆಕ್ಕ ಬಂದು ಬೀಳುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗೆ, ಅದೂ ಬಿಟ್ಟಿ. ಟ್ಯಾಲಿಗೆ 9000ನೇ ಪೋರ್ಟಿನಲ್ಲಿ ಎಕ್ಸ್‌ಎಂಎಲ್ ಕಳಿಸಿದರೆ ಉತ್ತರ ಕೊಡುತ್ತದೆ. ಆದರೆ ಲೆಕ್ಕ ಎಳೆಯುವ ಹೊತ್ತಿಗೆ ಟ್ಯಾಲಿ ತೆರೆದಿರಬೇಕು. ಒಂದು ವಾರ ನಮ್ಮ ಹುಡುಗ ರಾತ್ರಿ ಅದನ್ನು ಮುಚ್ಚಿ ಹೋಗುತ್ತಿದ್ದ, ನಾನು ಸುಮ್ನೆ ಹಾಪ್ ಮೇಲೆ ಅನುಮಾನ ಪಡುತ್ತಿದ್ದೆ.

ನಿಜವಾದ ಪರೀಕ್ಷೆ ಪಾಂಡವಪುರದ ಫೈಲು. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ಕಣ್ಣಿಗಷ್ಟೇ ಕನ್ನಡ. ಫಾಂಟ್ ತೆಗೆದರೆ ಕೆಳಗಿರುವುದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ತಿರುಗಿಸಲು ಪೈಥಾನ್ ಪ್ರೋಗ್ರಾಂನಲ್ಲಿ ಅಕ್ಷರದ ಪಟ್ಟಿ ಮಾಡಿದೆ. ಮೊದಲ ಸಲ ಓಡಿಸಿದಾಗ ಧರ್ಮಣ್ಣ ಧಮರ್ಣ್ಣ ಆಗಿ ಕೂತಿದ್ದ! ನುಡಿಯಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಇದನ್ನು ಸರಿಮಾಡಲು ಹೋದದ್ದು ಒಂದು ಭಾನುವಾರ ಪೂರ್ತಿ. ನಾನು ನೋಡಿದ ಈ ಟೂಲುಗಳಲ್ಲಿ ಯಾವುದೂ ಇದನ್ನು ತಾನಾಗಿ ಮಾಡಿಕೊಡುವುದಿಲ್ಲ. ಈಗ ಯಾರಾದರೂ ಕೇಳಿದರೆ ಟೂಲ್ ಯಾವುದು ಅಂತ ಆಮೇಲೆ ನೋಡಿ, ನಿಮ್ಮ ಅತಿ ಕೆಟ್ಟ ಫೈಲನ್ನು ಮೊದಲು ಅದಕ್ಕೆ ತಿನ್ನಿಸಿ ಅನ್ನುತ್ತೇನೆ.

ಹೆಸರು ಹೊಂದಿಸುವಲ್ಲಿ ನಾನೇ ಎಡವಿದೆ. ಹಾಪ್‌ನಲ್ಲಿ ಫಜಿ ಮ್ಯಾಚ್ ಅಂತ ಒಂದು ಪೆಟ್ಟಿಗೆ ಇದೆ, ಹತ್ತಿರದ ಹೆಸರುಗಳನ್ನು ಜೋಡಿ ಮಾಡುತ್ತದೆ. ಕಾಗುಣಿತದ ತಪ್ಪುಗಳೆಲ್ಲ ಒಂದಾದವು, ಖುಷಿಯಾಯಿತು. ಒಂದೇ ಊರಿನ ಇಬ್ಬರು ಪುಟ್ಟಸ್ವಾಮಿಗಳೂ ಒಂದಾದರು. ಒಬ್ಬರ ಬಾಕಿ ನೆನಪಿಸುವ ಮೆಸೇಜು ಇನ್ನೊಬ್ಬರಿಗೆ ಹೋಯಿತು. ಅವರು ಬೆಳಿಗ್ಗೆಯೇ ಅಂಗಡಿಗೆ ಬಂದು ಫೋನ್ ಮುಂದೆ ಹಿಡಿದರು: "ಏನಪ್ಪಾ, ನಾನ್ಯಾವಾಗ ನಿಮ್ಮತ್ರ ಇಷ್ಟೊಂದು ಯೂರಿಯಾ ತಕ್ಕಂಡೆ? ಗದ್ದೆ ಇರೋದೇ ಅರ್ಧ ಎಕರೆ." ಟೀ ತರಿಸಿ ಕ್ಷಮೆ ಕೇಳಿದೆ.

ಈಗ ಫೋನ್ ನಂಬರ್ ಹೊಂದಿದರೆ ಮಾತ್ರ ತಾನಾಗಿ ಸೇರುತ್ತದೆ. ಎಕ್ಸೆಲ್ ಫೈಲಿನ ನಂಬರುಗಳನ್ನು ಪಠ್ಯ ಅಂತಲೇ ಓದಿಸಬೇಕು, ಇಲ್ಲದಿದ್ದರೆ ಅದರಲ್ಲೂ ಎಡವಟ್ಟು. ಹೆಸರಷ್ಟೇ ಹೊಂದಿದವು ಬೇರೆ ಹಾಳೆಗೆ ಹೋಗುತ್ತವೆ. ಶನಿವಾರ ಮಧ್ಯಾಹ್ನ ಮೂರೂ ಅಂಗಡಿಯ ಹುಡುಗರನ್ನು ಫೋನಿನಲ್ಲಿ ಹಿಡಿದು, ಅಪ್ಪನ ಹೆಸರು ಕೇಳಿ ಒಂದೊಂದಾಗಿ ಬಿಡಿಸುತ್ತೇವೆ. ಹೋದ ಶನಿವಾರ ಹನ್ನೊಂದು ಉಳಿದಿದ್ದವು. ಅದರಲ್ಲಿ ನಾಲ್ಕು ಪುಟ್ಟಸ್ವಾಮಿಗಳೇ.